ಎರಡು ವಾರ ಉಳಿಯಬೇಕಾದ ಚಿತ್ರ

ಹಿಂದೆ ಕನ್ನಡ ಸಿನಿಮಾ ಮೆಟ್ಟಿಲಿಳಿದಂತೆ ಊರಿಗೆ ಬರುತ್ತಿತ್ತು. ಮೊದಲು ಬೆಂಗಳೂರು, ಆಮೇಲೆ ಮೈಸೂರು, ಮಂಡ್ಯ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸರದಿ ಅದಾದಮೇಲೆ, ಟೆಂಟಿನದು ಕಟ್ಟಕಡೆಗೆ. ಪ್ರಿಂಟ್ ದುಬಾರಿ, ಇದ್ದಷ್ಟನ್ನೇ ಸುತ್ತಿಸಬೇಕು. ಹತ್ತಿರದ ಎರಡು ಥಿಯೇಟರಿಗೆ ಒಂದೇ ಪ್ರಿಂಟ್ ಇದ್ದರೆ ಶಿಫ್ಟಿಂಗ್: ಇಲ್ಲಿ ಓಡಿ ಮುಗಿದ ರೀಲನ್ನು ಡಬ್ಬಿಗೆ ತುಂಬಿಕೊಂಡು ಹುಡುಗನೊಬ್ಬ ಸೈಕಲ್ ತುಳಿಯುತ್ತಿದ್ದ, ಅವನು ತಡಮಾಡಿದರೆ ಅಲ್ಲಿ ಶಿಳ್ಳೆ ಶುರುವಾಗುತ್ತಿತ್ತು. ತಾಲ್ಲೂಕಿನವರಿಗೆ ಸಿಗುತ್ತಿದ್ದದ್ದು ಗೀರುಬಿದ್ದ ಪ್ರಿಂಟ್, ಅದೂ ತಿಂಗಳುಗಟ್ಟಲೆ ಕಾದಮೇಲೆ. ಅದು ಅನ್ಯಾಯವೇ. ಆದರೆ ಚಿತ್ರಕ್ಕಿಂತ ಮೊದಲೇ ಅದರ ಸುದ್ದಿ ಊರು ಮುಟ್ಟಿರುತ್ತಿತ್ತು.

ಡಿಜಿಟಲ್ ಪ್ರದರ್ಶನ ಬಂದಮೇಲೆ ನಾಗಮಂಗಲದವರೂ ಬೆಂಗಳೂರಿನವರೂ ಒಂದೇ ಶುಕ್ರವಾರ ಹೊಸ ಚಿತ್ರ ನೋಡಬಹುದು. ಕಾಯುವುದು ತಪ್ಪಿತು, ಚಿತ್ರದ ಆಯಸ್ಸೂ ಕರಗಿತು. ಈಗ ಮೊದಲ ಮೂರು ದಿನದ ಗಳಿಕೆಯೇ ಅದರ ಹಣೆಬರಹ. ಸ್ಟಾರ್ ಇಲ್ಲದ ಚಿತ್ರ ದಿನಕ್ಕೆ ಒಂದೆರಡು ಷೋ ಕಂಡು, ಬಾಯಿಮಾತು ಹಬ್ಬುವ ಮುಂಚೆಯೇ ಎತ್ತಂಗಡಿ.

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಂಥ ಹಳ್ಳಿಯ ಜನರೇ ನಟಿಸಿದ, ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಕರ್ನಾಟಕದ ಥಿಯೇಟರಿಗೆ ಬಂದದ್ದು 2016ರ ಮೇ ತಿಂಗಳಲ್ಲಿ, ಹೊರರಾಜ್ಯಗಳಿಗೆ ಜೂನಿನಲ್ಲಿ. ಈ ಹಂತಹಂತದ ಬಿಡುಗಡೆಯನ್ನು ನಾನು ಮೆಚ್ಚುತ್ತೇನೆ. ಒಂದು ಗೆಲುವಿನ ಸುದ್ದಿ ಮುಂದಿನ ಊರಿನ ಪ್ರೇಕ್ಷಕರನ್ನು ಕರೆತಂದಿತು. ಆದರೂ ಮಂಡ್ಯದ ಮಾತು ಮಂಡ್ಯಕ್ಕೆ ಬರಲು ಸ್ವಿಟ್ಜರ್ಲೆಂಡಿನ ಮೊಹರು ಬೇಕಾಯಿತಲ್ಲ ಎಂಬ ನೋವು ನನಗಿದೆ. ‘ಕಾಂತಾರ’ವೂ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಷ್ಟೇ ಬಂತು; ಇಲ್ಲಿ ಜನ ಮೆಚ್ಚಿದ ಮೇಲೆ ಹಿಂದಿಗೆ ಹೋಯಿತು. ದೊಡ್ಡ ನಿರ್ಮಾಣ ಸಂಸ್ಥೆಯ ಬಲ ಅದಕ್ಕಿತ್ತು ನಿಜ, ಆದರೆ ದೇಶವ್ಯಾಪಿ ಓಟಕ್ಕೆ ದಾರಿ ಮಾಡಿದ್ದು ಬಾಯಿಮಾತು.

ಒಟಿಟಿ ಥಿಯೇಟರಿಗೆ ಪರ್ಯಾಯವಲ್ಲ. 2020ರ ಜುಲೈನಲ್ಲಿ ‘ಲಾ’ ಚಿತ್ರ ಥಿಯೇಟರ್ ದಾಟಿ ನೇರ ಪ್ರೈಮ್ ವಿಡಿಯೊಗೆ ಹೋದಾಗ ಕೊರೊನಾ ಕಾಲಕ್ಕೆ ಅದೇ ಸರಿ ಎನಿಸಿತ್ತು. ಆದರೆ ಅಲ್ಲಿ ಯಾವ ಚಿತ್ರ ಕೊಳ್ಳಬೇಕೆಂದು ತೀರ್ಮಾನಿಸುವುದು ವೇದಿಕೆಯವರೇ. ಸ್ವತಃ ರಾಜ್ಯ ಸರ್ಕಾರವೇ 2025ರ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗಾಗಿ ಒಟಿಟಿ ವೇದಿಕೆ ತರುವುದಾಗಿ ಹೇಳಬೇಕಾಯಿತು. ಅದು ಬಂದರೂ ಒಬ್ಬೊಬ್ಬರೇ ಫೋನಿನಲ್ಲಿ ನೋಡುವುದು ಬೇರೆ, ಊರಿನವರೆಲ್ಲ ಕೂತು ನಗುವುದು ಬೇರೆ.

ಹಳ್ಳಿಯ ಕಥೆ ಹೇಳುವ ನಿರ್ಮಾಪಕರು, ವಿತರಕರು ಮೆಟ್ಟಿಲನ್ನು ಒಮ್ಮೆ ಕೆಳಗಿನಿಂದ ಹತ್ತಿ ನೋಡಲಿ. ಚಿತ್ರ ಮೊದಲು ಕೆ.ಆರ್. ಪೇಟೆ, ಪಾಂಡವಪುರದಲ್ಲಿ ಬಿಡುಗಡೆಯಾಗಲಿ. ಎಲ್ಲ ಷೋ ಬೇಡ. ಸಂಜೆ ಡೇರಿಗೆ ಹಾಲು ಹಾಕಿ, ಊಟ ಮುಗಿಸಿ ಬರುವವರಿಗೆ ಸೆಕೆಂಡ್ ಷೋ ಒಂದೇ ಸಾಕು. ಆದರೆ ಎರಡು ವಾರ ಅದನ್ನು ತೆಗೆಯಬೇಡಿ.