ಭಯಾನಕ ರಸವೂ ಬೆಳ್ಳಿತೆರೆಯ ಭೂತವೂ

೨೦೨೩ರ ಜುಲೈ ತಿಂಗಳಲ್ಲಿ ಗೋರೆಗಾಂವಿನ ಚಿತ್ರನಗರಿಯಲ್ಲಿ ಮರಾಠಿ ಧಾರಾವಾಹಿಯೊಂದರ ಚಿತ್ರೀಕರಣ ನಡೆದಿದ್ದಾಗ ಚಿರತೆಯೊಂದು ಮರಿಯೊಡನೆ ಸೆಟ್ಟಿನೊಳಕ್ಕೆ ಬಂದುಬಿಟ್ಟಿತು. ಅಲ್ಲಿದ್ದ ನೂರಾರು ಮಂದಿ ದಿಕ್ಕಾಪಾಲಾಗಿ ಓಡಿದರು. ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ೧೯೭೭ರಲ್ಲಿ ಸ್ಥಾಪಿತವಾದ ಈ ನಗರಿಗಾಗಲಿ, ನೆರೆಯ ಆರೆ ಕಾಲೊನಿಗಾಗಲಿ ಚಿರತೆ ಹೊಸದಲ್ಲ. ಆ ದಿನ ಓಡಿದವರ ಭಯ ನಿಜವಾದ ಭಯ. ಆದುದರಿಂದಲೇ ಅದರಲ್ಲಿ ರಸವಿರಲಿಲ್ಲ.

ಗೋರೆಗಾಂವಿನಿಂದ ಒಂದೇ ನಿಲ್ದಾಣ ಉತ್ತರಕ್ಕೆ ಮಲಾಡು. ಅಲ್ಲಿ ನೆಲೆಸಿದ್ದ ಬಾಂಬೆ ಟಾಕೀಸ್ ಸಂಸ್ಥೆ ೧೯೪೯ರಲ್ಲಿ ‘ಮಹಲ್’ ಎಂಬ ಚಿತ್ರವನ್ನು ಹೊರತಂದಿತು. ಅದರಲ್ಲಿ ಕ್ರೂರಮೃಗವಿಲ್ಲ, ರಕ್ತಪಾತವಿಲ್ಲ. ಒಂದು ಪಾಳು ಭವನ, ತೂಗುವ ಉಯ್ಯಾಲೆ, ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ಒಂದು ಹೆಣ್ಣುದನಿ: ಇಷ್ಟೇ ಅದರ ಸಾಮಗ್ರಿ. ಏಳು ದಶಕಗಳು ಕಳೆದ ಮೇಲೂ ಅದನ್ನು ನೋಡುವವನ ಮೈ ಜುಮ್ಮೆನ್ನುತ್ತದೆ. ಅದಕ್ಕಿಂತ ನೂರುಪಾಲು ಹೆಚ್ಚಿನ ಸಲಕರಣೆಗಳಿಂದ ತಯಾರಾದ ಎಷ್ಟೋ ಭೂತಚಿತ್ರಗಳು ಇಂದು ನಗೆಗೆ ವಸ್ತುವಾಗಿವೆ. ಈ ಅಂತರಕ್ಕೆ ಕಾರಣವೇನೆಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನ ಲಾಕ್ಷಣಿಕರು ಈ ವಿಷಯದಲ್ಲಿ ಮೌನವಾಗಿಲ್ಲ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕದ ವಿಭಾವಗಳನ್ನು ಹೇಳುವಾಗ ವಿಕೃತವಾದ ಧ್ವನಿ, ಪಿಶಾಚಾದಿ ಸತ್ತ್ವಗಳ ದರ್ಶನ, ನರಿ ಗೂಬೆಗಳ ಕೂಗು, ಶೂನ್ಯಗೃಹ, ಅರಣ್ಯ, ಸ್ವಜನರ ವಧೆಬಂಧನಗಳ ವಾರ್ತೆ ಇವುಗಳನ್ನು ಎಣಿಸುತ್ತಾನೆ. ಇಂದಿನ ಯಾವ ಭಯಾನಕ ಚಿತ್ರದ ಕಥೆಗಾರನೂ ಈ ಪಟ್ಟಿಗೆ ಹೊಸದೊಂದನ್ನು ಸೇರಿಸಿದಂತೆ ತೋರುವುದಿಲ್ಲ. ಆದರೆ ನಮಗೆ ಹೆಚ್ಚು ಉಪಯುಕ್ತವಾದುದು ಅವನ ಇನ್ನೊಂದು ಮಾತು. ಭಯಾನಕವು ಮೂರು ಬಗೆಯದೆಂದು ಅವನು ವಿಂಗಡಿಸಿದ್ದಾನೆ: ವ್ಯಾಜದಿಂದ, ಎಂದರೆ ಕಪಟದಿಂದ ಹುಟ್ಟಿದುದು, ಅಪರಾಧದಿಂದ ಹುಟ್ಟಿದುದು, ಹೆದರಿಸುವುದರಿಂದ ಹುಟ್ಟಿದುದು. ಬೆಳ್ಳಿತೆರೆಯ ಭೂತಗಳನ್ನೆಲ್ಲ ಈ ಮೂರು ಕೋಣೆಗಳಲ್ಲಿ ಇರಿಸಿ ನೋಡಬಹುದು. ಮೂರನೆಯದನ್ನು ಮಾತ್ರ ನಂಬಿದ ಚಿತ್ರ ಬೇಗ ಹಳೆಯದಾಗುತ್ತದೆ. ಎರಡನೆಯದರಲ್ಲಿ ಬೇರೂರಿದ ಚಿತ್ರ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ‘ಮಹಲ್’ ಚಿತ್ರವನ್ನೇ ಪರೀಕ್ಷಿಸೋಣ. ಕಮಾಲ್ ಅಮ್ರೋಹಿ ನಿರ್ದೇಶಿಸಿ, ಜರ್ಮನಿಯ ಯೋಸೆಫ್ ವಿರ್ಷಿಂಗ್ ಛಾಯಾಗ್ರಹಣ ಮಾಡಿದ ಈ ಚಿತ್ರದಲ್ಲಿ ನಾಯಕನು ಪಾಳುಭವನಕ್ಕೆ ಬಂದು ಅಲ್ಲಿ ತನ್ನನ್ನೇ ಹೋಲುವ ಒಂದು ಚಿತ್ರವನ್ನು ಕಾಣುತ್ತಾನೆ. ಹಿಂದೆ ಅಲ್ಲಿ ಪ್ರಿಯನಿಗಾಗಿ ಕಾದು ಸತ್ತ ಕಾಮಿನಿಯ ಪ್ರೇತ ಅವನನ್ನು ಸೆಳೆಯುತ್ತದೆ. ಆ ಪ್ರೇತ ಪ್ರೇತವಲ್ಲ, ತೋಟದ ಮಾಲಿಯ ಮಗಳೆಂಬುದು ಕೊನೆಗೆ ಬಯಲಾಗುತ್ತದೆ. ಭರತನ ಮಾತಿನಲ್ಲಿ ಇದು ವ್ಯಾಜಜನ್ಯ ಭಯ. ಗುಟ್ಟು ರಟ್ಟಾದೊಡನೆ ಅಂಥ ಭಯ ಆವಿಯಾಗಬೇಕಷ್ಟೆ? ಇಲ್ಲಿ ಹಾಗಾಗುವುದಿಲ್ಲ. ಏಕೆಂದರೆ ಕಪಟದ ಬೆನ್ನಿಗೆ ಒಂದು ಅಪರಾಧವೂ ನಡೆದುಹೋಗಿದೆ. ಇಲ್ಲದ ಪ್ರೇತದ ಮೋಹದಲ್ಲಿ ಆ ಮನುಷ್ಯ ಕೈಹಿಡಿದ ಹೆಂಡತಿಯ ಮುಖವನ್ನೂ ನೋಡಲಿಲ್ಲ. ಅವಳು ವಿಷ ಕುಡಿದು, ಕೊಲೆಯ ಆರೋಪವನ್ನು ಅವನ ತಲೆಗೆ ಕಟ್ಟಿ ಸತ್ತಳು. ಪ್ರೇತ ಸುಳ್ಳಾದರೂ ಹೆಣ ಸುಳ್ಳಲ್ಲ. ಪ್ರೇಕ್ಷಕನು ಮನೆಗೆ ಕೊಂಡೊಯ್ಯುವುದು ಈ ಎರಡನೆಯ ಭಯವನ್ನು.

ರಾಮ್ಸೆ ಸಹೋದರರ ಚಿತ್ರಗಳ ಗತಿ ಬೇರೆ. ‘ದೋ ಗಜ್ ಜಮೀನ್ ಕೆ ನೀಚೆ’ (೧೯೭೨) ಮೊದಲ್ಗೊಂಡು ಎರಡು ದಶಕಗಳ ಕಾಲ ಅವರು ಅಲ್ಪ ವೆಚ್ಚದಲ್ಲಿ, ಮನೆಮಂದಿಯೇ ಕೈಗೂಡಿಸಿ ಚಿತ್ರ ತೆಗೆದರು. ಆ ಸಾಹಸವನ್ನು ಹೀಗಳೆಯಲಾಗದು. ಅವರ ‘ಪುರಾನಾ ಮಂದಿರ್’ (೧೯೮೪) ಜನರನ್ನು ತಂಡತಂಡವಾಗಿ ಚಿತ್ರಮಂದಿರಕ್ಕೆ ಎಳೆದುತಂದಿತು. ಆದರೂ ಅಲ್ಲಿನ ಸಾಮ್ರಿ ಎಂಬ ದುಷ್ಟನ ವಿಕಾರ ಮುಖವನ್ನು ಒಮ್ಮೆ ಕಣ್ತುಂಬ ನೋಡಿದ ಬಳಿಕ ಉಳಿಯುವುದು ಬಣ್ಣಗಾರನ ಕೈಚಳಕ ಮಾತ್ರ. ಹುಳು, ಕೀವು, ಕೊಳೆತ ಮಾಂಸ ಇವು ಜುಗುಪ್ಸೆಗೆ ವಿಭಾವಗಳು. ಅವುಗಳಿಂದ ಬೀಭತ್ಸ ಸಿದ್ಧಿಸಬಹುದೇ ಹೊರತು ಭಯಾನಕವಲ್ಲ. ಕಥೆಯಲ್ಲಿ ಶಾಪವೇನೋ ಇದೆ. ಆದರೆ ಅದು ರಾಜನೊಬ್ಬನ ಮೇಲಿನ ಹಗೆಯಿಂದ ಅವನ ವಂಶದ ಹೆಣ್ಣುಮಕ್ಕಳ ಹೆರಿಗೆಗೆ ತಟ್ಟುವ ಶಾಪ. ಯಾವ ತಪ್ಪನ್ನೂ ಮಾಡದ ಆ ಹೆಣ್ಣುಗಳ ವಿಷಯದಲ್ಲಿ ನಮಗೆ ಮರುಕ ಉಂಟಾಗುತ್ತದೆ. ಆ ಭಯ ನಮ್ಮದಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬೆಚ್ಚಿಬೀಳಿಸುವುದೂ ಒಂದು ಕಲೆಯಲ್ಲವೆ? ನಿಶ್ಶಬ್ದದ ನಡುವೆ ಥಟ್ಟನೆ ಬಾಗಿಲು ಬಡಿದರೆ ಎಂಥ ಪಂಡಿತನೂ ಕುರ್ಚಿಯಿಂದ ಎಗರುವುದಿಲ್ಲವೆ? ಎಗರುವುದು ನಿಜ. ಆದರೆ ಅದು ಶರೀರದ ಧರ್ಮ. ಆ ಕ್ಷಣ ಕಳೆದೊಡನೆ ಮನುಷ್ಯ ತನ್ನನ್ನು ತಾನೇ ನೋಡಿ ನಗುತ್ತಾನೆ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯನ್ನು ಅಭಿನವಗುಪ್ತನು ಉದಾಹರಿಸುವುದು ಇಲ್ಲಿ ಸ್ಮರಣೀಯ. ಅಲ್ಲಿ ಸಹೃದಯನಿಗೆ ಗೋಚರಿಸುವುದು ಆ ಒಂದು ಜಿಂಕೆಯ ಭಯವಲ್ಲ, ತನ್ನ ಸ್ವಂತ ಭಯವೂ ಅಲ್ಲ. ದೇಶಕಾಲಗಳ ಕಟ್ಟಿಗೆ ಸಿಗದ ಭಯ ಎಂಬ ಭಾವವೇ. ಬೆಚ್ಚಿದವನಿಗೆ ಆ ಬಿಡುವು ದೊರೆಯುವುದಿಲ್ಲ. ಬಿಡುವನ್ನು ಕೊಡಬಲ್ಲದ್ದು ಕಾಯಿಸುವ ಕಲೆ. ಯಕ್ಷಗಾನದ ಬಣ್ಣದ ವೇಷವನ್ನು ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮೊದಲು ಆರ್ಭಟೆ ಕೇಳುತ್ತದೆ, ಬಳಿಕ ತೆರೆಯ ಮೇಲೆ ಕಿರೀಟದ ಅಂಚು ಕಾಣುತ್ತದೆ. ಪೂರ್ಣಮುಖ ಹೊರಬರುವ ಹೊತ್ತಿಗೆ ಅದನ್ನು ನಾವೇ ಮನಸ್ಸಿನಲ್ಲಿ ಬರೆದು ಮುಗಿಸಿರುತ್ತೇವೆ.

ಮುಂಬಯಿಯಂಥ ನಗರದಲ್ಲಿ ಇನ್ನೊಂದು ತೊಡಕಿದೆ. ಭರತನು ಹೇಳಿದ ಶೂನ್ಯಗೃಹ ಇಲ್ಲಿ ಎಲ್ಲಿದೆ? ಅಂಗುಲ ಅಂಗುಲಕ್ಕೂ ಬಾಡಿಗೆಯುಳ್ಳ ಊರಿನಲ್ಲಿ ಪಾಳುಮನೆಗೆ ಎಡೆಯೆಲ್ಲಿ? ರಾಮಗೋಪಾಲ ವರ್ಮರ ‘ಭೂತ್’ (೨೦೦೩) ಈ ಪ್ರಶ್ನೆಗೆ ಉತ್ತರ ಕೊಟ್ಟ ಚಿತ್ರ. ಹಾಡುಗಳಿಲ್ಲದ ಆ ಚಿತ್ರದ ಭೂತ ಕೋಟೆಯಲ್ಲಿಲ್ಲ, ಬಹುಮಹಡಿ ಕಟ್ಟಡದ ಫ್ಲಾಟಿನಲ್ಲಿದೆ; ಲಿಫ್ಟು, ಕಾವಲುಗಾರ, ನೆರೆಮನೆ ಎಲ್ಲವೂ ನಾವು ದಿನವೂ ಕಾಣುವಂಥವೇ. ಆ ಮನೆಯಲ್ಲಿ ಹಿಂದೆ ಇದ್ದವಳು ಮಹಡಿಯಿಂದ ಬಿದ್ದು ಸತ್ತಳೆಂಬುದನ್ನು ಗಂಡನು ತಿಳಿದೂ ಹೆಂಡತಿಗೆ ಹೇಳುವುದಿಲ್ಲ. ಈ ಚಿಕ್ಕ ಮೌನವೇ ಇಡೀ ಚಿತ್ರದ ಬೀಜ. ಪರಸ್ಥಳದಿಂದ ಬಂದು ಈ ನಗರದಲ್ಲಿ ಒಂದರ ಮೇಲೊಂದು ಬಾಡಿಗೆಮನೆ ಬದಲಿಸಿದ ನಮ್ಮಂಥವರಿಗೆ ಇದು ತಟ್ಟದೆ ಇರದು. ನಮಗಿಂತ ಮೊದಲು ಈ ಗೋಡೆಗಳ ನಡುವೆ ಬಾಳಿದವರು ಯಾರು, ಅವರೇಕೆ ಬಿಟ್ಟುಹೋದರು ಎಂದು ಕೇಳುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿತ್ತು? ಅಗ್ಗದ ಬಾಡಿಗೆಯನ್ನು ಕಂಡವನು ಕಾರಣವನ್ನು ಕೇಳುವುದಿಲ್ಲ.

ಕನ್ನಡ ಚಿತ್ರಗಳತ್ತ ತಿರುಗಿದರೆ ‘ನಾ ನಿನ್ನ ಬಿಡಲಾರೆ’ (೧೯೭೯) ಮೊದಲು ನೆನಪಾಗುತ್ತದೆ. ಇದರ ನಾಯಕ ಅನಂತನಾಗ್ ಮುಂಬಯಿಯ ರಂಗಭೂಮಿಯಲ್ಲಿ ಪಳಗಿದವರೆಂಬುದು ನಮಗೆ ಅಭಿಮಾನದ ಸಂಗತಿ. ಪ್ರೇತ ಹೊಕ್ಕ ಗಂಡಿನ ಪಾತ್ರವನ್ನು ಅವರು ಮುಖವಾಡದ ನೆರವಿಲ್ಲದೆ ದನಿಯಿಂದಲೂ ನೋಟದಿಂದಲೂ ಸಾಧಿಸಿದರು. ಪರಿಚಿತ ಮುಖದಲ್ಲಿ ಅಪರಿಚಿತರ ಕಣ್ಣು ಕಾಣುವುದಕ್ಕಿಂತ ಭೀಕರವಾದುದು ಬೇರೊಂದಿಲ್ಲ. ಮಂತ್ರಾಲಯದ ರಾಯರ ಮಹಿಮೆಯಿಂದ ಸಂಕಟ ಪರಿಹಾರವಾಗುವ ಕಡೆಯ ಭಾಗದಲ್ಲಿ ಭಯಾನಕವು ಭಕ್ತಿಗೆ ಎಡೆಬಿಡುತ್ತದೆ. ಅದು ದೋಷವೆಂದು ಹೇಳಲಾರೆ; ಆದರೆ ಅಲ್ಲಿಂದಾಚೆಗೆ ಚಿತ್ರ ಹೆದರಿಸುವುದಿಲ್ಲ.

ಇನ್ನು ‘ಭೂತ’ ಎಂಬ ಪದವನ್ನೇ ನೋಡಬೇಕು. ಹಿಂದಿ ಚಿತ್ರದಲ್ಲಿ ಅದು ಪಿಶಾಚಿ. ತುಳುನಾಡಿನಲ್ಲಿ ಅದು ದೈವ. ನೇಮದ ರಾತ್ರಿಯಲ್ಲಿ ಆ ದೈವದ ಮುಂದೆ ಕೈಮುಗಿದು ನಿಂತವನು ನಡುಗುವುದು ಅದರ ಹಲ್ಲು ಉಗುರುಗಳಿಗಲ್ಲ. ಅದು ನುಡಿ ಕೊಡುತ್ತದೆ. ಊರಿನ ವ್ಯಾಜ್ಯವನ್ನು ವಿಚಾರಿಸುತ್ತದೆ. ಒಡೆಯನಾದರೂ ಒಕ್ಕಲಾದರೂ ತಪ್ಪಿಗೆ ಉತ್ತರ ಕೇಳುತ್ತದೆ. ರಿಷಬ್ ಶೆಟ್ಟಿಯವರ ‘ಕಾಂತಾರ’ (೨೦೨೨) ಭೂತಚಿತ್ರಗಳ ವರ್ಗಕ್ಕೆ ಸೇರಿದುದಲ್ಲ. ಆದರೂ ಅದರಲ್ಲಿ ಮೊಳಗುವ ಒಂದು ಕೂಗು ಈಚಿನ ಯಾವ ಭಯಾನಕ ಚಿತ್ರದಲ್ಲೂ ದೊರೆಯದ ರೋಮಾಂಚವನ್ನು ಉಂಟುಮಾಡಿತು. ಪೂರ್ವಿಕರು ಕೊಟ್ಟ ಭೂಮಿಯನ್ನು ಮರಳಿ ಕೇಳಿದವನು ನ್ಯಾಯಾಲಯದ ಮೆಟ್ಟಿಲಲ್ಲಿ ರಕ್ತಕಾರಿ ಬೀಳುವಾಗ ಪ್ರೇಕ್ಷಕನಿಗೆ ಆಶ್ಚರ್ಯವಾಗುವುದಿಲ್ಲ; ಅವನು ಅದನ್ನು ನಿರೀಕ್ಷಿಸಿಯೇ ಇರುತ್ತಾನೆ, ನಿರೀಕ್ಷಿಸುತ್ತಲೇ ಅಂಜಿರುತ್ತಾನೆ. ಭರತನ ಅಪರಾಧಜನ್ಯ ಭಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ.

ಗೋರೆಗಾಂವಿನ ಪರಿಚಿತರ ಮನೆಯೊಂದರಲ್ಲಿ ಈ ಚಿತ್ರವನ್ನು ನೋಡುತ್ತಿದ್ದಾಗ ಆ ಕೂಗಿಗೆ ಅಜ್ಜಿ ಥಟ್ಟನೆ ಎದ್ದು ಕೈಮುಗಿದರು. ಇಲ್ಲೇ ಹುಟ್ಟಿ ಬೆಳೆದ ಮೊಮ್ಮಗ ಅಜ್ಜಿಯನ್ನು ನೋಡಿ ನಕ್ಕ, ಸ್ವಲ್ಪ ಹೊತ್ತಿನ ಮೇಲೆ, “ಅಜ್ಜಿ, ನೀವು ಏನು ತಪ್ಪು ಮಾಡಿದ್ದೀರಿ?” ಎಂದು ಕೇಳಿದ. ಆಕೆ ಉತ್ತರಿಸಲಿಲ್ಲ. ಊರಿನಲ್ಲಿ ಬೀಗ ಬಿದ್ದ ಮನೆ, ದೀಪ ಕಾಣದ ದೈವದ ಕೋಣೆ, ವರ್ಷ ವರ್ಷವೂ ಮುಂದಕ್ಕೆ ಹೋದ ನೇಮ ಇವೆಲ್ಲ ಆಕೆಯ ಮನಸ್ಸಿನಲ್ಲಿ ಸುಳಿದಿರಬೇಕೆಂದು ನಾನು ಊಹಿಸಿದೆ. ನಮ್ಮ ಶೂನ್ಯಗೃಹ ಮುಂಬಯಿಯಲ್ಲಿಲ್ಲ. ಅದನ್ನು ನಾವು ಊರಿನಲ್ಲಿ ಬಿಟ್ಟುಬಂದಿದ್ದೇವೆ.

ಹುಡುಗನ ನಗೆಗೆ ನಾವು ಕೋಪಿಸಬೇಕಾಗಿಲ್ಲ. ಅವನಿಗೆ ಭೂತವೆಂದರೆ ಬೆಚ್ಚಿಬೀಳಿಸಲು ಬಂದು ಹೋಗುವ ಒಂದು ಮುಖ. ಅದಕ್ಕೆ ನಗುವುದೇ ಯೋಗ್ಯ. ಆದರೆ ಅವನು ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆ. ಭಯಾನಕ ಚಿತ್ರವನ್ನು ತೂಗುವ ವಿಮರ್ಶಕನೂ ಮೊದಲು ಕೇಳಬೇಕಾದುದು ಅದನ್ನೇ: ಇಲ್ಲಿ ತಪ್ಪು ಯಾರದು, ಅದರ ಲೆಕ್ಕ ಕೇಳಲು ಬಂದವರು ಯಾರು? ಈ ಪ್ರಶ್ನೆಗೆ ಉತ್ತರವಿಲ್ಲದ ಚಿತ್ರದಲ್ಲಿ ಎಷ್ಟು ಬಾಗಿಲು ಬಡಿದರೂ ಸದ್ದು ಮಾತ್ರ ಕೇಳಿಸೀತು.