ಕಾರಣ ಹೇಳದ ಕಿಟಕಿ

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಿಬರಲು ಹೊರಡುವ ತಂದೆತಾಯಿ ಹಾಕುವ ಅರ್ಜಿ ಬಿ1/ಬಿ2 ವೀಸಾದ್ದು. ವ್ಯವಹಾರ, ಪ್ರವಾಸ, ನೆಂಟರ ಭೇಟಿ ಎಲ್ಲಕ್ಕೂ ಇದೊಂದೇ ಬಾಗಿಲು. ಬೆಂಗಳೂರು, ಮೈಸೂರು, ದಾವಣಗೆರೆಗಳಲ್ಲಿ ಮಗನೋ ಮಗಳೋ ಅಲ್ಲಿ ನೆಲೆಸಿರುವ ಮನೆಗಳು ಬೇಕಾದಷ್ಟಿವೆ. ಹಾಗಾಗಿ ಯಾರಿಗೆ ವೀಸಾ ಸಿಕ್ಕಿತು, ಯಾರದು ರಿಜೆಕ್ಟ್ ಆಯಿತು, ಯಾವ ಊರಿನ ಕಾನ್ಸುಲೇಟ್ ‘ಸಲೀಸು’ ಎಂಬ ಮಾತು ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿಸುತ್ತದೆ. ಆದರೆ ಆಡಳಿತದ ಒಂದು ಪದ್ಧತಿಯಾಗಿ ಇದರ ಗುಣಮಟ್ಟವೇನು ಎಂದು ತೂಗಿ ನೋಡಿದವರು ಕಡಿಮೆ. ಸಿಕ್ಕವರಿಗೆ ಅದರ ಅಗತ್ಯವಿಲ್ಲ, ಸಿಗದವರ ಮಾತಿಗೆ ಬೆಲೆಯಿಲ್ಲ.

ತನ್ನ ಗಡಿಯೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂಬುದು ಆಯಾ ದೇಶದ ಹಕ್ಕು. ಅದರಲ್ಲಿ ತಕರಾರಿಲ್ಲ. ಆ ಹಕ್ಕನ್ನು ಚಲಾಯಿಸುವ ರೀತಿಯನ್ನು ಮಾತ್ರ ಇಲ್ಲಿ ನೋಡುತ್ತಿದ್ದೇನೆ.

ಇಡೀ ವ್ಯವಸ್ಥೆ ನಿಂತಿರುವುದು 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 214(ಬಿ) ಸೆಕ್ಷನ್ ಮೇಲೆ. ಅರ್ಜಿ ಹಾಕಿದವರು ಅಲ್ಲೇ ನೆಲೆಯೂರಲು ಬರುವವರೆಂದು ಅಧಿಕಾರಿ ಮೊದಲೇ ಭಾವಿಸಬೇಕು, ಹಾಗಲ್ಲವೆಂದು ಅವರಿಗೆ ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರರದು ಎನ್ನುತ್ತದೆ ಆ ಸೆಕ್ಷನ್. ವಿಚಿತ್ರವೆಂದರೆ, ಎಚ್‌-1ಬಿ ಮತ್ತು ಎಲ್ ವೀಸಾದವರನ್ನು ಇದೇ ಸೆಕ್ಷನ್ ಈ ಶಂಕೆಯಿಂದ ಹೊರಗಿಟ್ಟಿದೆ. ವರ್ಷಗಟ್ಟಲೆ ದುಡಿಯಲು ಹೋಗುವ ಇಂಜಿನಿಯರ್ ಮಗ ತಾನು ಹಿಂದಿರುಗುತ್ತೇನೆಂದು ಸಾಧಿಸಿ ತೋರಿಸಬೇಕಾಗಿಲ್ಲ. ಅವನನ್ನು ನೋಡಲು ನಾಲ್ಕಾರು ತಿಂಗಳ ಮಟ್ಟಿಗೆ ಹೋಗುವ, ಅಲ್ಲಿ ಕಾರು ಓಡಿಸಲು ಬಾರದೆ, ಹರಟಲು ನೆರೆಹೊರೆಯಿಲ್ಲದೆ, ಮೂರನೇ ತಿಂಗಳಿಗೇ ಊರಿಗೆ ಟಿಕೆಟ್ ಮಾಡಿಸು ಎಂದು ವರಾತ ಹಚ್ಚುವ ತಾಯಿ ಸಾಧಿಸಿ ತೋರಿಸಬೇಕು. ಕಾನೂನಿನ ತರ್ಕದಲ್ಲಿ ಇದಕ್ಕೆ ಸಮಜಾಯಿಷಿ ಇರಬಹುದು. ಮನುಷ್ಯರ ನಡವಳಿಕೆ ಕಂಡವರಿಗೆ ಇದು ತಲೆಕೆಳಗಾದ ಅನುಮಾನ.

ಮೊದಲ ಘಟ್ಟ ಡಿಎಸ್‌-160 ಎಂಬ ಆನ್‌ಲೈನ್ ಫಾರಂ. ಇಪ್ಪತ್ತು ನಿಮಿಷ ಕೈಯಾಡಿಸದೆ ಬಿಟ್ಟರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಹಳೆಯ ಕೆಲಸದ ವಿವರ ಹುಡುಕಲು ಬೀರು ತೆಗೆದವರು ವಾಪಸ್ ಬರುವಷ್ಟರಲ್ಲಿ ಪುಟ ಹೋಗಿರುತ್ತದೆ. ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಬರೀ ಇನಿಷಿಯಲ್ ಆಗಿ ಇಟ್ಟುಕೊಂಡವರು ನಮ್ಮಲ್ಲಿ ಹೆಚ್ಚು. ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರಾದರೆ ಅದು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಇನ್ನೊಂದು ಜಾಗದಲ್ಲಿ ‘ಎಫ್‌ಎನ್‌ಯು’ ಎಂದು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು, ತುಂಬಬೇಕು. ಅರವತ್ತು ವರ್ಷ ಲಕ್ಷ್ಮಮ್ಮ ಎಂದು ಕರೆಸಿಕೊಂಡವರು ಅಲ್ಲಿನ ದಾಖಲೆಯಲ್ಲಿ ಎಫ್‌ಎನ್‌ಯು ಲಕ್ಷ್ಮಮ್ಮ ಆಗುತ್ತಾರೆ. ಕಳೆದ ಐದು ವರ್ಷಗಳಲ್ಲಿ ಬಳಸಿದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳ ಹೆಸರು ಕೇಳುವ ಪದ್ಧತಿ 2019ರಿಂದ ಇದೆ. ಕುಲಕ್ಕೋ ಬುಡಕಟ್ಟಿಗೋ ಸೇರಿದವರೇ ಎಂಬ ಪ್ರಶ್ನೆಯೂ ಇದೆ. ಇಲ್ಲಿ ಜಾತಿ ಬರೆಯಬೇಕೋ ಗೋತ್ರವೋ, ಅಥವಾ ಇಲ್ಲ ಎಂದು ಒತ್ತಿ ಮುಂದೆ ಹೋಗಬೇಕೋ ಎಂಬ ಗೊಂದಲ ಅನೇಕ ಮನೆಗಳದ್ದು. ಕೊನೆಗೆ ಭಯೋತ್ಪಾದನೆಯಲ್ಲಿ ತೊಡಗಲು ಬರುತ್ತಿದ್ದೀರಾ ಎಂದು ಕೇಳುತ್ತದೆ. ಹೌದೆಂದು ಒತ್ತುವವರು ಯಾರಿರುತ್ತಾರೆ? ಮುಂದೆ ಸಿಕ್ಕಿಬಿದ್ದರೆ ಸುಳ್ಳು ಹೇಳಿಕೆಯ ಮೊಕದ್ದಮೆಗೆ ಆಧಾರವಾಗಲಿ ಎಂಬುದಷ್ಟೇ ಇಂಥ ಪ್ರಶ್ನೆಯ ಉಪಯೋಗ.

ಇಷ್ಟು ಕೇಳುವ ವ್ಯವಸ್ಥೆ ಕೊನೆಗೆ ಕೇಳಿಸಿಕೊಳ್ಳುವುದು ಬಹಳ ಸಲ ಎರಡು ಮೂರು ನಿಮಿಷ. ಕರ್ನಾಟಕದವರು ಸಾಮಾನ್ಯವಾಗಿ ಚೆನ್ನೈಗೋ ಹೈದರಾಬಾದಿಗೋ ಹೋಗುತ್ತಾರೆ. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ. 2025ರ ಜನವರಿ 17ರಂದು ಬೆಂಗಳೂರಿನಲ್ಲೂ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ವೀಸಾ ಸೇವೆಯಿಲ್ಲದೆ. ಸಂದರ್ಶನವೆಂದರೆ ಕುರ್ಚಿ ಮೇಜಿನ ಕೋಣೆಯಲ್ಲ. ಬ್ಯಾಂಕಿನ ಕೌಂಟರಿನಂಥ ಕಿಟಕಿ, ನಡುವೆ ಗಾಜು, ಮಾತಿಗೊಂದು ಮೈಕು. ಯಾರನ್ನು ನೋಡಲು, ಮಗ ಎಲ್ಲಿ ಕೆಲಸ, ನೀವೇನು ಮಾಡುತ್ತಿದ್ದಿರಿ, ಈ ಮುಂಚೆ ವಿದೇಶಕ್ಕೆ ಹೋಗಿದ್ದೀರಾ? ಕಂಕುಳಲ್ಲಿ ದಪ್ಪ ಫೈಲು ಇರುತ್ತದೆ: ತೋಟದ ಪಹಣಿ, ಮನೆಯ ಖಾತಾ, ಎಫ್‌ಡಿ ರಸೀದಿ, ಪಿಂಚಣಿ ಪತ್ರ, ಲೆಕ್ಕಪರಿಶೋಧಕರ ಪ್ರಮಾಣಪತ್ರ. ಅದನ್ನು ಬಿಚ್ಚುವ ಪ್ರಸಂಗ ಬಾರದೇ ಹೋಗುವುದೇ ಹೆಚ್ಚು. ಉತ್ತರ ಕೊಡುವವರ ಕಣ್ಣು ಅಧಿಕಾರಿಯ ಮುಖದ ಮೇಲಿರುವುದಿಲ್ಲ, ತಮ್ಮ ಪಾಸ್‌ಪೋರ್ಟಿನ ಮೇಲಿರುತ್ತದೆ. ಅದು ಒಳಗೇ ಉಳಿದರೆ ಆಯಿತು, ಕಿಂಡಿಯಿಂದ ಹೊರಗೆ ಬಂದರೆ ಹೋಯಿತು. ಜೊತೆಗೆ ಒಂದು ಅಚ್ಚಾದ ಹಾಳೆ ಬರುತ್ತದೆ. ಅದರಲ್ಲಿರುವುದು 214(ಬಿ) ಎಂಬ ಸೆಕ್ಷನ್ನಿನ ಹೆಸರು ಮತ್ತು ಎಲ್ಲರಿಗೂ ಒಂದೇ ಆದ ಒಕ್ಕಣೆ. ನಿಮ್ಮ ಯಾವ ಉತ್ತರ ಸಾಲಲಿಲ್ಲ, ಯಾವ ಸಂಗತಿ ಅನುಮಾನ ಹುಟ್ಟಿಸಿತು ಎಂಬುದಿಲ್ಲ.

ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ನಿರಾಕರಣೆಗೆ ಮೇಲ್ಮನವಿಯಿಲ್ಲ. ಕಾನ್ಸುಲರ್ ಅಧಿಕಾರಿಯ ತೀರ್ಮಾನದಲ್ಲಿ ಅಲ್ಲಿನ ನ್ಯಾಯಾಲಯಗಳು ಬಹುಮಟ್ಟಿಗೆ ಕೈಹಾಕುವುದಿಲ್ಲ. 2024ರ ಜೂನ್‌ನಲ್ಲಿ ಮುನ್ಯೋಸ್ ಪ್ರಕರಣದಲ್ಲಿ, ಗಂಡನಿಗೆ ವೀಸಾ ನಿರಾಕರಿಸಿದ್ದನ್ನು ಪ್ರಶ್ನಿಸಿದ ಅಮೆರಿಕನ್ ಪ್ರಜೆಗೂ ಅಲ್ಲಿನ ಸುಪ್ರೀಂ ಕೋರ್ಟ್ ಆ ದಾರಿ ತೆರೆಯಲಿಲ್ಲ. ನಿರಾಕರಣೆಗಳಲ್ಲಿ ಒಂದಷ್ಟನ್ನು ಮೇಲಧಿಕಾರಿ ಪರಿಶೀಲಿಸಬೇಕೆಂಬ ಆಂತರಿಕ ನಿಯಮವಿದೆಯಾದರೂ ಅರ್ಜಿದಾರರಿಗೆ ಅಲ್ಲಿ ದನಿಯಿಲ್ಲ. ಇರುವುದೊಂದೇ ದಾರಿ, ಹೊಸದಾಗಿ ಹಣ ಕಟ್ಟಿ ಮತ್ತೆ ಅರ್ಜಿ ಹಾಕುವುದು. 2023ರ ಜೂನ್‌ನಿಂದ ಶುಲ್ಕ 185 ಡಾಲರ್. ಗಂಡ ಹೆಂಡತಿ ಇಬ್ಬರಿಗೆ ಮೂವತ್ತು ಸಾವಿರ ರೂಪಾಯಿ ದಾಟುತ್ತದೆ, ವೀಸಾ ಸಿಗಲಿ ಬಿಡಲಿ ಅದು ಹಿಂದಿರುಗುವುದಿಲ್ಲ. ಹಿಂದಿನ ಸಲ ಏನು ತಪ್ಪಾಯಿತೆಂದೇ ತಿಳಿಯದವರು ಎರಡನೇ ಸಲ ಏನನ್ನು ತಿದ್ದಿಕೊಳ್ಳಬೇಕು?

ಕಾರಣ ಹೇಳದ ಕಡೆ ವದಂತಿಯೇ ಕಾರಣವಾಗುತ್ತದೆ. ಇಂಥ ಬಣ್ಣದ ಅಂಗಿ ಬೇಡ, ಇಂಥ ಕೌಂಟರಿನವರು ಕಠಿಣ, ಇಬ್ಬರು ಮಕ್ಕಳೂ ಅಲ್ಲೇ ಇದ್ದಾರೆಂದರೆ ಕೆಟ್ಟಿತು ಎಂಬ ಶಾಸ್ತ್ರಗಳು ಹುಟ್ಟಿಕೊಂಡಿವೆ. ಅಣಕು ಸಂದರ್ಶನ ನಡೆಸಿ ದುಡ್ಡು ಎಣಿಸುವವರಿದ್ದಾರೆ. ಹೈದರಾಬಾದಿನ ಹತ್ತಿರ ಉಸ್ಮಾನ್ ಸಾಗರದ ದಂಡೆಯ ಚಿಲ್ಕೂರು ಬಾಲಾಜಿಗೆ ‘ವೀಸಾ ಬಾಲಾಜಿ’ ಎಂದೇ ಹೆಸರು ಬಿದ್ದಿದೆ. ಹರಕೆ ಹೊತ್ತು 11 ಪ್ರದಕ್ಷಿಣೆ, ಕೈಗೂಡಿದ ಮೇಲೆ 108. ಭಕ್ತರನ್ನು ನೋಡಿ ನಗುವುದು ಸುಲಭ. ಆದರೆ ಕಾರಣವನ್ನೇ ಹೇಳದ ಕಚೇರಿಗೆ ಹೋಗುವ ಮುನ್ನ ದೇವರ ಹತ್ತಿರ ಹೋಗುವುದರಲ್ಲಿ ಅವಿವೇಕವೇನೂ ಕಾಣುವುದಿಲ್ಲ.

ಇದಕ್ಕಿಂತ ಕೆಟ್ಟ ಪರಿಣಾಮ ಮತ್ತೊಂದಿದೆ. ಬಸುರಿ ಮಗಳು ವಿಡಿಯೋ ಕಾಲ್‌ನಲ್ಲಿ ತಾಯಿಗೆ ಪಾಠ ಹೇಳಿಕೊಡುತ್ತಾಳೆ:

“ಅಮ್ಮಾ, ಬಾಣಂತನಕ್ಕೆ ಅಂತ ಮಾತ್ರ ಬಾಯಿಬಿಡಬೇಡ. ಮಗು ನೋಡ್ಕೊಳ್ಳೋಕೆ ಬರ್ತಿದ್ದೀನಿ ಅಂದ್ರೆ ಕೆಲಸಕ್ಕೆ ಬರ್ತಿದ್ದೀಯ ಅಂತ ತಿಳ್ಕೋತಾರಂತೆ.”

“ಮತ್ತೇನಂತ ಹೇಳ್ಲೇ?”

“ನಯಾಗರ ನೋಡೋಕೆ ಅನ್ನು.”

ನೆಂಟರನ್ನು ಕಾಣಲು ಹೋಗುವುದು ಈ ವೀಸಾ ಒಪ್ಪುವ ಉದ್ದೇಶಗಳಲ್ಲೊಂದು. ಹೆರಿಗೆಯ ಹೊತ್ತಿಗೆ ಮಗಳ ಹತ್ತಿರ ಇರಬೇಕೆನ್ನುವುದು ಸಂಬಳದ ಕೆಲಸವಲ್ಲ. ಆದರೂ ಯಾವ ಮಾತು ಮುಳುವಾಗುತ್ತದೋ ಗೊತ್ತಿಲ್ಲದ ಕಾರಣ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು ಜಲಪಾತದ ಹೆಸರನ್ನು ಬಾಯಿಪಾಠ ಮಾಡುತ್ತಾಳೆ. ಕಿಟಕಿಯಲ್ಲಿ ತಡವರಿಸುತ್ತಾಳೆ, ತಡವರಿಸಿದ್ದಕ್ಕೆ ಅನುಮಾನ ಗಟ್ಟಿಯಾಗುತ್ತದೆ. ಮುಖ್ಯ ಸಂಗತಿಯೊಂದರಲ್ಲಿ ಸುಳ್ಳು ಹೇಳಿದ್ದು ಸಾಬೀತಾದರೆ ಅದೇ ಕಾಯ್ದೆಯಲ್ಲಿ ಜೀವಮಾನದ ನಿಷೇಧಕ್ಕೆ ಅವಕಾಶವಿದೆ. ನಿಜ ಹೇಳಿದವರನ್ನು ಗುರುತಿಸುವುದಕ್ಕೆಂದು ಕಟ್ಟಿದ ಪರೀಕ್ಷೆ ನಿಜ ಹೇಳುವುದನ್ನೇ ಅಪಾಯ ಮಾಡಿಟ್ಟರೆ, ಆ ಪರೀಕ್ಷೆ ತನ್ನ ಉದ್ದೇಶವನ್ನು ತಾನೇ ಸೋಲಿಸಿಕೊಂಡಂತೆ.

ಹಾಗೆಂದು ಈ ಪದ್ಧತಿಯಲ್ಲಿ ಒಳ್ಳೆಯದಿಲ್ಲವೆನ್ನುವಂತಿಲ್ಲ. ತೀರ್ಮಾನ ಸಾಮಾನ್ಯವಾಗಿ ಅಲ್ಲೇ, ಆಗಲೇ ತಿಳಿಯುತ್ತದೆ. ಇಂಗ್ಲಿಷ್ ಕಡ್ಡಾಯವಿಲ್ಲ. ಸಿಕ್ಕರೆ ಭಾರತೀಯರಿಗೆ ಹತ್ತು ವರ್ಷದ, ಎಷ್ಟು ಸಲ ಬೇಕಾದರೂ ಹೋಗಿಬರಬಹುದಾದ ವೀಸಾ ಸಿಗುತ್ತದೆ. ಅಧಿಕಾರಿಗಳ ಇಕ್ಕಟ್ಟೂ ಕಡಿಮೆಯದಲ್ಲ. ಕೊರೊನಾದ ಬಳಿಕ, 2022ರ ಕೊನೆಯ ಹೊತ್ತಿಗೆ, ಭಾರತದಲ್ಲಿ ಮೊದಲ ಸಲ ಅರ್ಜಿ ಹಾಕುವವರು ಸ್ಲಾಟಿಗಾಗಿ ಎರಡು ವರ್ಷಕ್ಕೂ ಹೆಚ್ಚು ಕಾಯಬೇಕಾಗಿತ್ತು. ಅವಧಿ ಮೀರಿ ಅಲ್ಲೇ ಉಳಿಯುವವರು ಇಲ್ಲವೇ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಹೊರೆ ಹೆಚ್ಚಿದಾಗ ವ್ಯವಸ್ಥೆ ಯಾವ ಕಡೆ ವಾಲುತ್ತದೆ ಎಂಬುದನ್ನೂ ಗಮನಿಸಬೇಕು. 2025ರ ಸೆಪ್ಟೆಂಬರ್ 2ರಿಂದ ಸಂದರ್ಶನದ ವಿನಾಯಿತಿ ಕುಗ್ಗಿತು. 14 ವರ್ಷದೊಳಗಿನ ಮಕ್ಕಳಿಗೂ 79 ದಾಟಿದ ಹಿರಿಯರಿಗೂ ಬರೀ ವಯಸ್ಸಿನ ಮೇಲೆ ಸಿಗುತ್ತಿದ್ದ ರಿಯಾಯಿತಿ ಹೋಯಿತು. ಅದೇ ವರ್ಷದ ಜುಲೈನ ಕಾನೂನು 250 ಡಾಲರಿನ ಹೊಸ ‘ವೀಸಾ ಇಂಟೆಗ್ರಿಟಿ ಫೀ’ಗೂ ದಾರಿ ಮಾಡಿತು. ಕೇಳುವುದು, ಕಟ್ಟಿಸಿಕೊಳ್ಳುವುದು ಹೆಚ್ಚುತ್ತಿದೆ. ಉತ್ತರ ಕೊಡುವುದು ಹೆಚ್ಚುತ್ತಿಲ್ಲ.

ಇದಕ್ಕಿಂತ ಮೇಲಾದ ಕ್ರಮ ಸಾಧ್ಯವೇ ಎಂದು ಕೇಳುವವರು ಯುರೋಪಿನ ಷೆಂಗೆನ್ ವೀಸಾ ನೋಡಬೇಕು. ಅಲ್ಲೂ ಸುಖವಿಲ್ಲ. 2024ರ ಜೂನ್‌ನಿಂದ ಶುಲ್ಕ 90 ಯೂರೋ, ಮೇಲೆ ಸೇವಾ ಕೇಂದ್ರದ ಚಾರ್ಜು, 30,000 ಯೂರೋ ರಕ್ಷಣೆಯ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟಿನ ಕಂತೆ. ಅಲ್ಲಿನ ಅಧಿಕಾರಿಗೂ ನೀವು ಹಿಂದಿರುಗುತ್ತೀರೆಂಬ ನಂಬಿಕೆ ಬಾರದಿರಬಹುದು. ಆದರೆ 2009ರ ವೀಸಾ ಸಂಹಿತೆಯ ಪ್ರಕಾರ ನಿರಾಕರಣೆಯ ಕಾರಣವನ್ನು ನಿಗದಿತ ನಮೂನೆಯಲ್ಲಿ ಗುರುತು ಮಾಡಿ ಕೊಡಬೇಕು. ಪ್ರವಾಸದ ಉದ್ದೇಶ ಸ್ಪಷ್ಟವಿಲ್ಲವೋ, ಹಣ ಸಾಲದೋ, ಹಿಂದಿರುಗುವ ಬಗ್ಗೆ ಅನುಮಾನವೋ, ಯಾವುದೆಂದು ತಿಳಿಯುತ್ತದೆ. ಮೇಲ್ಮನವಿಯ ಹಕ್ಕನ್ನೂ ಅದರಲ್ಲೇ ತಿಳಿಸಬೇಕು. ಗುರುತು ಹಾಕಿದ ಚೌಕ ಪೂರ್ತಿ ವಿವರಣೆಯಲ್ಲ, ನಿಜ. ಜರ್ಮನಿ 2025ರ ಜುಲೈನಿಂದ ರಾಯಭಾರ ಕಚೇರಿಯಲ್ಲೇ ಆಕ್ಷೇಪ ಸಲ್ಲಿಸುವ ಅಗ್ಗದ ಕ್ರಮವನ್ನು ನಿಲ್ಲಿಸಿದ ಮೇಲೆ ಉಳಿದಿರುವುದು ಬರ್ಲಿನ್ನಿನ ಕೋರ್ಟು, ಇಲ್ಲವೇ ಹೊಸ ಅರ್ಜಿ. ಆದರೂ ಒಂದು ಚೌಕದ ಗುರುತಿನಿಂದ ಅರ್ಜಿದಾರ ಮುಂದಿನ ಸಲ ಯಾವ ಕಾಗದ ಸೇರಿಸಬೇಕೆಂದು ಅರಿಯುತ್ತಾನೆ. ಕಾರಣ ಹೇಳಿದ್ದರಿಂದ ಯುರೋಪಿನ ಗಡಿಯೇನೂ ಕುಸಿದಿಲ್ಲ.

ನಮ್ಮ ಮನೆಯೂ ಚೊಕ್ಕಟವೆಂದು ಬೀಗುವಂತಿಲ್ಲ. ಭಾರತಕ್ಕೆ ಬರುವ ವಿದೇಶಿಯರು ತುಂಬುವ ಫಾರಂ ತಂದೆತಾಯಿ, ಅಜ್ಜ ಅಜ್ಜಿ ಪಾಕಿಸ್ತಾನದವರಾಗಿದ್ದರೇ ಎಂದು ಕೇಳುತ್ತದೆ. ವಿಭಜನೆಯಲ್ಲಿ ಊರು ಬಿಟ್ಟ ಮುದುಕರ ಮೊಮ್ಮಕ್ಕಳು ಅದಕ್ಕೆ ಉತ್ತರಿಸುವಾಗ ಏನು ಅನುಭವಿಸುತ್ತಾರೆಂದು ನಾವೂ ಯೋಚಿಸಬೇಕು.

ಅಮೆರಿಕದ ಸಂದರ್ಶಕ ವೀಸಾ ಶೀಘ್ರವಾಗಿದೆ, ಸಿಕ್ಕವರ ಮಟ್ಟಿಗೆ ಉದಾರವಾಗಿಯೂ ಇದೆ, ಆದರೆ ನ್ಯಾಯದ ಕನಿಷ್ಠ ಅಳತೆಗೆ ಇನ್ನೂ ಬಂದಿಲ್ಲ ಎಂಬುದು ನನ್ನ ತೀರ್ಮಾನ. ಅದನ್ನು ಸರಿಪಡಿಸಲು ಶಂಕೆಯ ಸೆಕ್ಷನ್ನನ್ನು ರದ್ದು ಮಾಡಬೇಕಿಲ್ಲ, ಬಾಗಿಲನ್ನು ಹಾರುಹೊಡೆಯಬೇಕಿಲ್ಲ. ನಿರಾಕರಣೆಯ ಹಾಳೆಯಲ್ಲಿ ಆ ವ್ಯಕ್ತಿಗೆ ಸಂಬಂಧಿಸಿದ ಎರಡು ಸಾಲು ಬರೆಯಲಿ, ಕೇಳಿದವರಿಗೆ ಇನ್ನೊಬ್ಬ ಅಧಿಕಾರಿಯ ಮುಂದೆ ಒಂದು ಸಲ ಅವಕಾಶ ಕೊಡಲಿ. ಅರ್ಜಿದಾರರ ಹಣ, ಐದು ವರ್ಷದ ಖಾತೆಗಳ ಹೆಸರು, ಹತ್ತು ಬೆರಳಿನ ಗುರುತು ಪಡೆದ ಕಚೇರಿ ಅವರಿಗೆ ಎರಡು ಸಾಲಿನ ಉತ್ತರ ಕೊಡುವಷ್ಟಾದರೂ ಬಾಕಿಯಿದೆ.