ಪಾದರಸಕ್ಕೆ ನೇರಳೆ ಮದ್ದಾಗಬಲ್ಲದೇ?

ಕೋಲಾರ ಜಿಲ್ಲೆಯ ಟೇಕಲ್ ಕಡೆ ಈಗ ನೇರಳೆ ಕಾಲ. ಪೇಟೆಯಲ್ಲಿ ದಪ್ಪನೆಯ ಜಂಬು ನೇರಳೆಗೆ ಬೆಲೆ ಜಾಸ್ತಿ, ಆದರೆ ನನ್ನ ಓಟು ನಾಯಿ ನೇರಳೆಗೆ. ತಿರುಳು ಕಮ್ಮಿ, ನಿಜ. ಸಿಪ್ಪೆಯ ಪಾಲು ಹೆಚ್ಚು, ಸೊಗಸೆಲ್ಲ ಇರುವುದು ಅಲ್ಲೇ. ಪಾತ್ರೆಯಲ್ಲಿ ಚಿಟಿಕೆ ಉಪ್ಪು ಹಾಕಿ ಕುಲುಕಿ ಸ್ವಲ್ಪ ಹೊತ್ತು ಬಿಡಿ. ಸಿಪ್ಪೆ ಒಡೆದು ರಸ ಬಿಡುತ್ತದೆ. ಮೊದಲು ಹುಳಿ, ಆಮೇಲೆ ಸಿಹಿ, ಕೊನೆಗೆ ಗಂಟಲು ಹಿಡಿಯುವ ಒಗರು. ನಾಲಿಗೆಗೆ ಹತ್ತುವ ಬಣ್ಣ ಆಂಥೋಸಯನಿನ್, ಒಗರು ಟ್ಯಾನಿನ್, ಎರಡೂ ಆ್ಯಂಟಿಆಕ್ಸಿಡೆಂಟ್‌ಗಳೇ.

ಇಂಥ ಹಣ್ಣು ತಿಂದರೆ ಪಾದರಸದಿಂದ ಮಿದುಳಿಗಾಗುವ ಹಾನಿ ತಪ್ಪುತ್ತದೆಯೇ? ಕೋಲಾರದವರಿಗೆ ಇದು ದೂರದ ಪ್ರಶ್ನೆಯಲ್ಲ. ಟೇಕಲ್ ದಾಟಿದರೆ ಬಂಗಾರಪೇಟೆ, ಅಲ್ಲಿಂದ ಕವಲೊಡೆದ ಹಳಿ ಕೆಜಿಎಫ್‌ನ ಮಾರಿಕುಪ್ಪಂಗೆ. ಅಲ್ಲಿನ ಚಿನ್ನದ ಗಣಿಯ ಆರಂಭದ ದಶಕಗಳಲ್ಲಿ ಅದಿರಿನ ಪುಡಿಯನ್ನು ನೀರಿನೊಡನೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು. ಅಂಟಿದ ಚಿನ್ನವನ್ನು ಕೆರೆದು, ಕಾಯಿಸಿ, ಪಾದರಸವನ್ನು ಆವಿಯಾಗಿಸಿ ಬೇರ್ಪಡಿಸುತ್ತಿದ್ದರು. ಸಯನೈಡ್ ವಿಧಾನ ಬಂದದ್ದು ಆಮೇಲೆ. ಗಣಿ 2001ರಲ್ಲಿ ಮುಚ್ಚಿತು.

ಹಣ್ಣಿನ ಪರವಾಗಿ ಇರುವ ದೊಡ್ಡ ಸಾಕ್ಷಿ ಬ್ರೆಜಿಲ್‌ನದು. ಅಮೆಜಾನ್ ಕಾಡಿನ ತಪಜೋಸ್ ನದಿದಂಡೆಯ ಜನರಿಗೆ ಮೀನೇ ಮುಖ್ಯ ಊಟ, ಮೀನಿನಲ್ಲಿ ಪಾದರಸ. ಒಂದು ಹಳ್ಳಿಯ 26 ಹೆಂಗಸರು ಒಂದು ವರ್ಷ ತಾವು ತಿಂದದ್ದನ್ನೆಲ್ಲ ದಿನಾ ಬರೆದಿಟ್ಟರು. ಸಂಶೋಧಕರು ಅವರ ಕೂದಲಿನ ಪಾದರಸ ಅಳೆದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಮೀನು ಅಷ್ಟೇ ತಿಂದರೂ ಹಣ್ಣು ಹೆಚ್ಚು ತಿಂದವರಲ್ಲಿ ಪಾದರಸ ಕಮ್ಮಿ. ಹಣ್ಣಿನ ನಾರು ಅದನ್ನು ಕರುಳಿನಲ್ಲೇ ತಡೆಯುತ್ತಿರಬಹುದು ಎಂಬುದು ಒಂದು ಊಹೆ.

ಆದರೆ ಅವರು ಅಳೆದದ್ದು ಕೂದಲನ್ನು, ಮಿದುಳನ್ನಲ್ಲ. ಮೀನಿನಲ್ಲಿರುವ ಮೀಥೈಲ್ ಪಾದರಸ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡು, ಮೆಥಿಯೊನಿನ್‌ನ ವೇಷದಲ್ಲಿ ಮಿದುಳಿನ ಕಾವಲನ್ನು ದಾಟುತ್ತದೆ. ಒಳಹೊಕ್ಕು ಜೀವಕೋಶದ ಸ್ವಂತ ಆ್ಯಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್‌ನ ದಾಸ್ತಾನನ್ನು ಬರಿದು ಮಾಡುತ್ತದೆ. ಆ್ಯಂಟಿಆಕ್ಸಿಡೆಂಟ್ ಕೈಹಿಡಿಯುವುದಿದ್ದರೆ ಇಲ್ಲಿ. ಇಲಿಗಳ ಪ್ರಯೋಗದಲ್ಲಿ ಸುಳಿವು ಸಿಕ್ಕಿದೆ, ಮನುಷ್ಯರಲ್ಲಿ ಪುರಾವೆ ಇಲ್ಲ. ಸತ್ತ ನರಕೋಶವನ್ನಂತೂ ಯಾವ ಹಣ್ಣೂ ಎಬ್ಬಿಸದು. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಗುರುತಾದ ಪಾದರಸದ ಕಾಯಿಲೆ ಗರ್ಭದಲ್ಲಿದ್ದ ಕೂಸುಗಳನ್ನೂ ಬಿಡಲಿಲ್ಲ.

ಹಾಗಾಗಿ ನೇರಳೆ ತಿನ್ನಿ, ಸೀಬೆ ತಿನ್ನಿ, ಶ್ರೀನಿವಾಸಪುರದ ಮಾವನ್ನೂ ಬಿಡಬೇಡಿ, ರುಚಿಗೆ ತಿನ್ನಿ. ಮದ್ದೆಂದು ನಂಬಿ ಪಾದರಸದ ವಿಷಯದಲ್ಲಿ ಮೈಮರೆಯಬೇಡಿ. ಬಸುರಿಯರು ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನುಗಳಿಂದ ದೂರವಿರಲಿ. ಏನು ಬೆರೆಸಿದ್ದಾರೆಂದು ಬರೆಯದ, ಮುಖ ಬೆಳ್ಳಗಾಗಿಸುವ ಕ್ರೀಮು ಮನೆಗೇ ಬೇಡ, ಅದರಲ್ಲೂ ಪಾದರಸ ಇರಬಹುದು. ಥರ್ಮಾಮೀಟರ್ ಒಡೆದರೆ ಪೊರಕೆ ಮುಟ್ಟಬೇಡಿ. ಗುಡಿಸಿದರೆ ಪಾದರಸ ಇನ್ನಷ್ಟು ಚೂರಾಗಿ ಹರಡುತ್ತದೆ.

ಇನ್ನೊಂದು ಮಾತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧಗೊಂಡು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೂರನೆಯ ಹಂತವೂ ಬೇಕೆಂದು ರೈತರು ಕೇಳುತ್ತಲೇ ಇದ್ದಾರೆ. ಆ ಕೆರೆಗಳ ಮೀನಿನಲ್ಲಿ ಪಾದರಸ ಇದೆಯೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಅಳೆದು, ಬಂದ ಅಂಕಿಯನ್ನು ಪಂಚಾಯಿತಿ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಿ ಎಂದು ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ಕೇಳಿ.